ಅತಿ ಶ್ರೀಮಂತರು, ಅವರ ದಾನ ಮತ್ತು ನಾವು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಶ್ರೀಮಂತರೊಬ್ಬರು ಸಾವಿರಾರು ಕೋಟಿ ದಾನ ಕೊಟ್ಟರು ಎಂಬ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ಅಪ್ಪ ಪೇಪರ್ ಮಡಚಿಟ್ಟು, "ಪುಣ್ಯಾತ್ಮ, ನೂರು ವರ್ಷ ಬಾಳಲಿ" ಎನ್ನುತ್ತಾರೆ. ತಮ್ಮ, "ಅಷ್ಟು ದುಡ್ಡು ಒಬ್ಬರ ಹತ್ತಿರ ಹೇಗೆ ಸೇರಿತು, ಅದನ್ನ ಮೊದಲು ಹೇಳಿ" ಎಂದು ಜಗಳಕ್ಕೆ ನಿಲ್ಲುತ್ತಾನೆ. ನನಗೆ ಇಬ್ಬರ ಮಾತೂ ಬೇಕು. ಕೊಟ್ಟವರಿಗೆ ಕೃತಜ್ಞತೆ ಹೇಳುತ್ತಲೇ ಪ್ರಶ್ನೆಯನ್ನೂ ಕೇಳಬಹುದು ಎಂದು ನಾನು ನಂಬಿದ್ದೇನೆ. ಗೆಳೆಯರು, ನೆಂಟರು, ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರಗಳು ಇಲ್ಲಿವೆ.

ಬಿಲಿಯನೇರ್ ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು ದುಡ್ಡು?

ಕೋಟ್ಯಧಿಪತಿ ಎಂಬ ಪದ ಈಗ ಸಾಲದು. ಬೆಂಗಳೂರಲ್ಲಿ 30x40 ಅಡಿಯ ಒಂದು ಸೈಟ್ ಇದ್ದವರೂ ಕೋಟ್ಯಧಿಪತಿಗಳೇ. ಒಂದು ಬಿಲಿಯನ್ ಡಾಲರ್ ಎಂದರೆ 100 ಕೋಟಿ ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 8,500 ಕೋಟಿ ರೂಪಾಯಿ.

ಇದನ್ನು ಖರ್ಚು ಮಾಡಿ ನೋಡೋಣ. ದಿನಕ್ಕೆ ಒಂದು ಲಕ್ಷ ರೂಪಾಯಿ, ಭಾನುವಾರವೂ ಬಿಡದೆ. ಒಂದು ಕೋಟಿ ಮುಗಿಯಲು 100 ದಿನ ಬೇಕು. 8,500 ಕೋಟಿ ಮುಗಿಯಲು 2,300 ವರ್ಷಕ್ಕೂ ಜಾಸ್ತಿ. ಅಂದರೆ ಶ್ರವಣಬೆಳಗೊಳದ ಬೆಟ್ಟಕ್ಕೆ ಬಂದು ನೆಲೆಸಿದನೆಂದು ಹೇಳುವ ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಶುರು ಮಾಡಿದ್ದರೆ ಈಗ ಮುಗಿಯುತ್ತಿತ್ತು. ಇದು ಒಂದು ಬಿಲಿಯನ್‌ನ ಮಾತು. ಎಲಾನ್ ಮಸ್ಕ್ ಅವರ ಆಸ್ತಿ 2024ರ ಡಿಸೆಂಬರ್‌ನಲ್ಲಿ 400 ಬಿಲಿಯನ್ ಡಾಲರ್ ದಾಟಿತು.

ಅಷ್ಟು ದುಡ್ಡು ಬ್ಯಾಂಕಿನಲ್ಲಿ ಇರುತ್ತದಾ?

ಇಲ್ಲ. ಬಹುಪಾಲು ಕಂಪನಿಯ ಷೇರಿನ ರೂಪದಲ್ಲಿ ಇರುತ್ತದೆ. ಷೇರಿನ ಬೆಲೆ ಏರಿದರೆ ಆಸ್ತಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನವಿಟ್ಟು ನೋಡಿ. ಬೆಲೆ ಹತ್ತು ಪಟ್ಟಾದರೂ ಷೇರು ಮಾರುವ ತನಕ ಆ ಲಾಭಕ್ಕೆ ತೆರಿಗೆ ಇಲ್ಲ. ಸಂಬಳದವರಿಗೆ ಕೈಗೆ ಬರುವ ಮೊದಲೇ ಟಿಡಿಎಸ್ ಕಟ್ ಆಗುತ್ತದೆ. ಕೂಲಿ ಮಾಡುವವರು ಸೋಪು ಕೊಂಡಾಗಲೂ ಜಿಎಸ್‌ಟಿ ಕಟ್ಟುತ್ತಾರೆ. "ದೊಡ್ಡವರು ತೆರಿಗೆ ಕಟ್ಟಲ್ಲ" ಎಂಬ ಬೀದಿ ಮಾತು ಪೂರ್ತಿ ಸರಿಯಲ್ಲ, ಆದರೆ ಅದು ಹುಟ್ಟುವುದು ಇಲ್ಲೇ.

ಜನ ನಿಜವಾಗಿ ಏನು ಹೇಳುತ್ತಾರೆ? ಸಮೀಕ್ಷೆ ಏನಾದರೂ ಇದೆಯಾ?

ಇದೆ. ಅಮೆರಿಕದಲ್ಲಿ ಪ್ಯೂ ಸಂಸ್ಥೆ 2021ರಲ್ಲಿ ಒಂದು ನೇರ ಪ್ರಶ್ನೆ ಕೇಳಿತು: ಬಿಲಿಯನೇರ್‌ಗಳು ಇರುವುದು ದೇಶಕ್ಕೆ ಒಳ್ಳೆಯದಾ, ಕೆಟ್ಟದ್ದಾ? ಶೇ. 55 ಜನ ಎರಡೂ ಅಲ್ಲ ಎಂದರು. ಶೇ. 29 ಜನ ಕೆಟ್ಟದ್ದು ಎಂದರು. ಒಳ್ಳೆಯದು ಎಂದವರು ಶೇ. 15 ಮಾತ್ರ. ಆದರೆ 30 ದಾಟದ ಹುಡುಗ ಹುಡುಗಿಯರಲ್ಲಿ ಅರ್ಧದಷ್ಟು ಜನ ಕೆಟ್ಟದ್ದು ಎಂದರು. ನಮ್ಮ ಮನೆಯ ಅಪ್ಪ ಮತ್ತು ತಮ್ಮನ ಜಗಳ ಅಲ್ಲೂ ಇದೆ!

2024ರಲ್ಲಿ ಜಿ20 ದೇಶಗಳಲ್ಲಿ ಇಪ್ಸೋಸ್ ನಡೆಸಿದ ಸಮೀಕ್ಷೆಯಲ್ಲಿ ಶೇ. 68 ಜನ ಶ್ರೀಮಂತರ ಆಸ್ತಿಗೆ ತೆರಿಗೆ ಹಾಕಬೇಕು ಎಂದರು. ಭಾರತದಲ್ಲಿ ಹಾಗೆ ಹೇಳಿದವರು ಶೇ. 74. 2025ರ ಆರಂಭದಲ್ಲಿ ಪ್ಯೂ 36 ದೇಶಗಳ ಫಲಿತಾಂಶ ಕೊಟ್ಟಾಗ ಜನ ಬಡವ ಶ್ರೀಮಂತರ ಅಂತರವನ್ನು ದೊಡ್ಡ ಸಮಸ್ಯೆ ಎಂದರು. ಅದಕ್ಕೆ ಮುಖ್ಯ ಕಾರಣವಾಗಿ ತೋರಿಸಿದ್ದು ರಾಜಕೀಯದಲ್ಲಿ ದುಡ್ಡಿದ್ದವರ ಪ್ರಭಾವವನ್ನು. ಅವರ ಕಾರು, ಬಂಗಲೆ ಜನರಿಗೆ ಅಷ್ಟು ಚುಚ್ಚುವುದಿಲ್ಲ. ನಮ್ಮ ಒಂದು ಓಟಿಗಿಂತ ಅವರ ಒಂದು ಫೋನ್ ಕಾಲ್ ಜಾಸ್ತಿ ತೂಗುತ್ತದೆ ಎಂಬ ಅನುಮಾನ ಚುಚ್ಚುತ್ತದೆ.

ಇದೆಲ್ಲ ಹೊಟ್ಟೆಕಿಚ್ಚು ಅಲ್ವಾ?

ಸ್ವಲ್ಪ ಇರಬಹುದು, ಮನುಷ್ಯರಲ್ವಾ. ಆದರೆ ಜನ ಎಲ್ಲ ಶ್ರೀಮಂತರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಇನ್ಫೋಸಿಸ್ ಬೆಳೆದದ್ದನ್ನು ಕರ್ನಾಟಕ ಕಣ್ಣೆದುರೇ ನೋಡಿದೆ. ನೌಕರರಿಗೂ ಷೇರು ಹಂಚಿದ ಕಂಪನಿ ಎಂದು ಅದರ ಬಗ್ಗೆ ಇಂದಿಗೂ ಗೌರವ ಇದೆ. ಅದೇ ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ, ಐಟಿ ಹುಡುಗರೇ ಮುಂದೆ ನಿಂತು ವಿರೋಧಿಸಿದರು. ಗೌರವ ಇದ್ದ ಕಡೆಯೇ ಅಸಮಾಧಾನವೂ ಬಂತು.

2024ರ ಜುಲೈ ನೆನಪಿದೆಯಾ? ಮುಂಬೈಯಲ್ಲಿ ಅಂಬಾನಿ ಮನೆಯ ಮದುವೆ. ಅದೇ ತಿಂಗಳು ಮೊಬೈಲ್ ರೀಚಾರ್ಜ್ ದರ ಏರಿತು. ಜನ ಎರಡನ್ನೂ ಸೇರಿಸಿ ಮಾತಾಡಿದರು. ದರ ಏರಿಸಿದ್ದು ಅವರ ಕಂಪನಿ ಮಾತ್ರ ಅಲ್ಲ, ಬೇರೆ ಕಂಪನಿಗಳೂ ಏರಿಸಿದ್ದವು. ಆ ಕುಟುಂಬ ಮದುವೆಗೆ ಮೊದಲು ಬಡ ಜೋಡಿಗಳಿಗೆ ಸಾಮೂಹಿಕ ವಿವಾಹ ಮಾಡಿಸಿತ್ತು. ಆದರೂ ಬೇಸರ ಹೋಗಲಿಲ್ಲ. ಸಾಲ ಮಾಡಿ ಮಗಳ ಮದುವೆ ಮಾಡಿದ ತಂದೆಗೆ ಆ ತಿಂಗಳು ಟಿವಿ ನೋಡುವುದು ಕಷ್ಟವಾಗಿದ್ದರೆ, ಅದನ್ನು ಹೊಟ್ಟೆಕಿಚ್ಚು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಂಪನಿಗಳ ಸಿಎಸ್‌ಆರ್ ಮತ್ತು ದಾನ ಒಂದೇನಾ?

ಅಲ್ಲ. ಸಿಎಸ್‌ಆರ್ ಕಾನೂನಿನ ಮಾತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ದುಡ್ಡು ಕಂಪನಿಯದು, ಮಾಲೀಕರ ಜೇಬಿನದಲ್ಲ. ಶಾಲೆಯ ಗೋಡೆಯ ಮೇಲೆ ಕಂಪನಿಯ ಹೆಸರು ಕಂಡರೆ ಸಂತೋಷಪಡಿ, ಆದರೆ ಅದನ್ನು ಮಾಲೀಕರ ತ್ಯಾಗ ಎಂದುಕೊಳ್ಳಬೇಕಿಲ್ಲ. ಸ್ವಂತ ಷೇರನ್ನೇ ಬರೆದುಕೊಡುವವರ ಲೆಕ್ಕ ಬೇರೆ.

ಅಜೀಂ ಪ್ರೇಮ್‌ಜಿ ಕೊಟ್ಟದ್ದು ಹೇಗೆ?

ಅವರು ಮಾಡಿದ್ದು ಸ್ವಂತ ಷೇರನ್ನೇ ಬರೆದುಕೊಡುವ ಕೆಲಸ. 2001ರಲ್ಲಿ ಫೌಂಡೇಶನ್ ಶುರು ಮಾಡಿದರು. ವಿಪ್ರೋ ಷೇರುಗಳನ್ನು ಹಂತ ಹಂತವಾಗಿ ಅದಕ್ಕೆ ಮೀಸಲಿಟ್ಟರು. 2019ರ ಮಾರ್ಚ್‌ನಲ್ಲಿ ಇನ್ನೂ ಶೇ. 34ರಷ್ಟು ಷೇರು ಸೇರಿಸಿದಾಗ ಒಟ್ಟು ಕೊಡುಗೆಯ ಬೆಲೆ 1.45 ಲಕ್ಷ ಕೋಟಿ ರೂಪಾಯಿ ಆಯಿತು. ಕಂಪನಿಯ ಶೇ. 67ರಷ್ಟು ಷೇರಿನಿಂದ ಬರುವ ಆದಾಯ ಫೌಂಡೇಶನ್‌ಗೆ ಹೋಗುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಸರ್ಕಾರಿ ಶಾಲೆಯ ಶಿಕ್ಷಕರ ಜೊತೆಗಿನ ಕೆಲಸ, ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ, ಎಲ್ಲ ಆ ದುಡ್ಡಿನಿಂದಲೇ.

ಶಾಲೆಯ ಮೊಟ್ಟೆ ಅವರೇ ಕೊಡುತ್ತಿರುವುದಾ?

ವಾರದಲ್ಲಿ ನಾಲ್ಕು ದಿನದ್ದು ಹೌದು. ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ.

2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ನೋಡಿ ಬಿಸಿಯೂಟದಲ್ಲಿ ಮೊಟ್ಟೆ ಶುರುವಾಯಿತು. ದೊಡ್ಡ ವಿವಾದವೂ ಆಯಿತು. ಆಮೇಲೆ ಇಡೀ ರಾಜ್ಯಕ್ಕೆ ಬಂತು, ವಾರಕ್ಕೆ ಎರಡು ದಿನ. 2024ರ ಜುಲೈನಲ್ಲಿ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಉಳಿದ ನಾಲ್ಕು ದಿನದ ಖರ್ಚು ಹೊತ್ತಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಸುಮಾರು 55 ಲಕ್ಷ ಮಕ್ಕಳು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ನಮ್ಮ ಅತ್ತಿಗೆ ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಕಳೆದ ಸಲ ಊರಿಗೆ ಹೋದಾಗ ಅವರ ಜೊತೆ ಕೂತು ಮೊಟ್ಟೆ ಸುಲಿದೆ. ದೊಡ್ಡ ಡಬರಿಯಲ್ಲಿ ಬೇಯಿಸಿ, ಬಿಸಿನೀರು ಬಸಿದು, ತಣ್ಣೀರು ಹಾಕುತ್ತಾರೆ. ಆಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಇಪ್ಪತ್ತು ಮೊಟ್ಟೆ ಆಗುವಷ್ಟರಲ್ಲಿ ನನ್ನ ಬೆರಳ ತುದಿ ಸುಕ್ಕಾಗಿತ್ತು. ಅತ್ತಿಗೆ ಮಾತಾಡುತ್ತಲೇ ನನ್ನ ಮೂರರಷ್ಟು ಸುಲಿದಿದ್ದರು. ಒಬ್ಬ ಪುಟ್ಟ ಹುಡುಗ ಬಾಗಿಲಲ್ಲಿ ಇಣುಕಿ, "ಅಕ್ಕಾ, ಇವತ್ತೂ ಐತಾ?" ಎಂದು ಕೇಳಿದ. "ಐತಿ, ಹೋಗಿ ಕೂಡ್ರು" ಎಂದರು ಅತ್ತಿಗೆ. ಅವತ್ತಿನದು ಸರ್ಕಾರದ ಮೊಟ್ಟೆಯಾ, ಫೌಂಡೇಶನ್ ಮೊಟ್ಟೆಯಾ ಎಂಬುದು ಅವನಿಗೆ ಗೊತ್ತಿಲ್ಲ, ಗೊತ್ತಾಗಬೇಕಿಲ್ಲ.

ಆ ದಾನಕ್ಕೆ ನಾನು ಮನಸಾರೆ ಕೈ ಮುಗಿಯುತ್ತೇನೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಒಪ್ಪಂದ ಮೂರು ವರ್ಷದ್ದು. ಆಮೇಲೆ ಆ ಹುಡುಗ ಇಣುಕಿ ಕೇಳಿದರೆ ಅತ್ತಿಗೆ ಏನು ಹೇಳಬೇಕು? ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮಧ್ಯಾಹ್ನದ ಊಟ ಆ ಮಗುವಿನ ಹಕ್ಕು. ಮೊಟ್ಟೆ ಆ ಹಕ್ಕಿನ ಒಳಗೆ ಇನ್ನೂ ಗಟ್ಟಿಯಾಗಿ ಸೇರಿಲ್ಲ. ದಾನಿ ದಾರಿ ತೋರಿಸಿದ್ದಾರೆ. ಒಂದು ಮೊಟ್ಟೆಗೆ ಬೇಕಾದ ಆರು ರೂಪಾಯಿಯನ್ನು ಬಜೆಟ್ಟಿನಲ್ಲಿ ಇಡಿ ಎಂದು ಸರ್ಕಾರವನ್ನು ಕೇಳಬೇಕಾದವರು ನಾವು.

ಆರು ರೂಪಾಯಿ ಏನು ಮಹಾ?

ಒಂದು ಮೊಟ್ಟೆಗೆ ಇಟ್ಟ ಲೆಕ್ಕ ಅದು. 55 ಲಕ್ಷ ಮಕ್ಕಳಿಗೆ ಒಂದು ದಿನಕ್ಕೆ 3 ಕೋಟಿ 30 ಲಕ್ಷ ಆಗುತ್ತದೆ.

ತೆರಿಗೆ ಉಳಿಸೋಕೆ ದಾನ ಮಾಡ್ತಾರೆ ಅಂತಾರಲ್ಲ, ನಿಜಾನಾ?

ಸುಮ್ನೆ ಹೇಳುವಷ್ಟು ಸರಳ ಅಲ್ಲ. 80ಜಿ ಎಂದು ಜನ ಕರೆಯುವ, ದಾನಕ್ಕೆ ಸಿಗುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ನೂರು ರೂಪಾಯಿ ಕೊಟ್ಟು ಅರ್ಧಕ್ಕೆ ವಿನಾಯಿತಿ ಸಿಕ್ಕರೆ, ಶೇ. 30ರ ಸ್ಲ್ಯಾಬ್‌ನಲ್ಲಿ ಇರುವವರಿಗೆ ಉಳಿಯುವುದು 15 ರೂಪಾಯಿ. ಉಳಿದ 85 ಅವರ ಕೈಯಿಂದ ಹೋಗಿದ್ದೇ. ಹಾಗಾಗಿ ಬರೀ ತೆರಿಗೆ ಉಳಿಸಲು ನಿಜವಾದ ದಾನ ಮಾಡುವುದು ನಷ್ಟದ ವ್ಯಾಪಾರ.

ಆದರೆ ಆ 15 ರೂಪಾಯಿ ಖಜಾನೆಗೆ, ಅಂದರೆ ನಮಗೆಲ್ಲ, ಬರಬೇಕಾಗಿದ್ದ ದುಡ್ಡು. ಟ್ರಸ್ಟ್‌ಗಳ ಆದಾಯಕ್ಕೂ ಷರತ್ತಿನ ಮೇಲೆ ತೆರಿಗೆ ವಿನಾಯಿತಿ ಇದೆ. ಹಾಗಾಗಿ ಪ್ರತಿ ದೊಡ್ಡ ದಾನದಲ್ಲೂ ನಮ್ಮದೊಂದು ಪುಟ್ಟ ಪಾಲು ಇರುತ್ತದೆ. ಆ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವ ಅಧಿಕಾರ ನಮಗೆ ಬರುವುದು ಅಲ್ಲಿಂದ.

ಭಾರತದಲ್ಲಿ ಆಸ್ತಿ ತೆರಿಗೆ ಹಿಂದೆ ಇತ್ತಂತೆ?

ಮನೆ ಕಂದಾಯ ಬೇರೆ, ಅದು ಈಗಲೂ ಇದೆ. ನೀವು ಕೇಳುತ್ತಿರುವುದು ಒಟ್ಟು ಸಂಪತ್ತಿನ ಮೇಲಿನ ತೆರಿಗೆ. ಅದು 1957ರಲ್ಲಿ ಬಂತು, 2015ರ ಬಜೆಟ್ಟಿನಲ್ಲಿ ರದ್ದಾಯಿತು. ವಸೂಲಿ ವರ್ಷಕ್ಕೆ ಸಾವಿರ ಕೋಟಿಯ ಆಸುಪಾಸು ಮಾತ್ರ ಇತ್ತು, ತಾಪತ್ರಯ ಜಾಸ್ತಿ ಎಂದು ಸರ್ಕಾರ ಹೇಳಿತು. ಬದಲಿಗೆ ಕೋಟಿ ಮೀರಿದ ಆದಾಯಕ್ಕೆ ಸರ್‌ಚಾರ್ಜ್ ಏರಿಸಿತು. ಸತ್ತವರ ಆಸ್ತಿ ವಾರಸುದಾರರಿಗೆ ಹೋಗುವಾಗ ಹಾಕುವ ಎಸ್ಟೇಟ್ ಡ್ಯೂಟಿ 1953ರಲ್ಲಿ ಬಂದು 1985ರಲ್ಲಿ ಹೋಯಿತು. ಅದರ ಗರಿಷ್ಠ ದರ ಶೇ. 85ರ ತನಕ ಏರಿತ್ತು. ಅಷ್ಟು ದರ ಇಟ್ಟರೆ ಜನ ತಪ್ಪಿಸುವ ದಾರಿಯನ್ನೇ ಹುಡುಕುತ್ತಾರೆ.

2024ರ ಲೋಕಸಭೆ ಚುನಾವಣೆಯ ಹೊತ್ತಲ್ಲಿ ಈ ಮಾತು ಮತ್ತೆ ಎದ್ದಾಗ ಗಲಾಟೆಯೇ ಆಯಿತು. ನಮ್ಮ ಜನ "ಪಿತ್ರಾರ್ಜಿತ ಆಸ್ತಿಗೆ ತೆರಿಗೆ" ಎಂದ ಕೂಡಲೇ ಅಜ್ಜನ ಎರಡು ಎಕರೆ ಹೊಲ ನೆನೆಸಿಕೊಂಡು ಬೆಚ್ಚುತ್ತಾರೆ. ಯಾರೂ ಕೂತು ಬಿಡಿಸಿ ಹೇಳಲಿಲ್ಲ. ಸಾವಿರ ಕೋಟಿ ಮೇಲಿನವರಿಗೆ ಮಾತ್ರ ಎಂದು ಗೆರೆ ಎಳೆದು ಕೇಳಿದರೆ ಉತ್ತರ ಬೇರೆ ಬರುತ್ತದೆ ಎಂದು ನನಗೆ ಅನಿಸುತ್ತದೆ. ನಾನಂತೂ ಅಂಥ ತೆರಿಗೆ ಬೇಕು ಎನ್ನುವ ಪಕ್ಷ. 2022-23ರಲ್ಲಿ ದೇಶದ ಸಂಪತ್ತಿನ ಶೇ. 40.1ರಷ್ಟು ಮೇಲಿನ ಶೇ. 1 ಜನರ ಕೈಯಲ್ಲಿತ್ತು ಎಂದು ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ.

ತೆರಿಗೆ ಹಾಕಿದರೆ ದೇಶ ಬಿಟ್ಟು ಹೋಗಲ್ವಾ?

ಕೆಲವರು ಹೋಗುತ್ತಾರೆ. ನಾರ್ವೆಯಿಂದ ಹಲವು ಶ್ರೀಮಂತರು ಸ್ವಿಟ್ಜರ್ಲೆಂಡಿಗೆ ಹೋದರು. ಈ ಭಯಕ್ಕೇ ಸ್ವಿಸ್ ಜನ 2025ರ ನವೆಂಬರ್‌ನಲ್ಲಿ ದೊಡ್ಡ ಆಸ್ತಿಗಳ ಮೇಲೆ ಶೇ. 50ರ ವಾರಸು ತೆರಿಗೆಯನ್ನು ಜನಮತದಲ್ಲಿ ಭಾರಿ ಬಹುಮತದಿಂದ ಬೇಡ ಎಂದರು. ಹೀಗೆ ಓಡಿ ಹೋಗುವುದನ್ನು ತಡೆಯಲೆಂದೇ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮನ್ 2024ರಲ್ಲಿ ಜಿ20ಗೆ ಕೊಟ್ಟ ವರದಿಯಲ್ಲಿ, ಎಲ್ಲ ದೇಶಗಳೂ ಒಟ್ಟಿಗೆ ಬಿಲಿಯನೇರ್‌ಗಳಿಂದ ಸಂಪತ್ತಿನ ಶೇ. 2ರಷ್ಟಾದರೂ ತೆರಿಗೆ ಪಡೆಯಲಿ ಎಂದರು. ಎಲ್ಲ ಕಡೆ ಒಂದೇ ದರ ಇದ್ದರೆ ಓಡಿ ಹೋಗಲು ಜಾಗ ಇರುವುದಿಲ್ಲ. ಒಮ್ಮತ ಇನ್ನೂ ಆಗಿಲ್ಲ.

"ಗಿವಿಂಗ್ ಪ್ಲೆಜ್"ಗೆ ಸಹಿ ಹಾಕಿದವರು ಕೊಡಲೇಬೇಕಾ?

ಕಾನೂನಿನ ಕಟ್ಟು ಏನೂ ಇಲ್ಲ. ಬಿಲ್ ಗೇಟ್ಸ್, ಮೆಲಿಂಡಾ ಮತ್ತು ವಾರನ್ ಬಫೆಟ್ 2010ರಲ್ಲಿ ಶುರು ಮಾಡಿದ ವಾಗ್ದಾನ ಅದು. ಅರ್ಧಕ್ಕಿಂತ ಜಾಸ್ತಿ ಆಸ್ತಿಯನ್ನು ಬದುಕಿದ್ದಾಗಲೋ ಉಯಿಲಿನಲ್ಲೋ ಕೊಡುತ್ತೇನೆ ಎಂಬ ಮಾತು. ನಮ್ಮಲ್ಲಿ ಪ್ರೇಮ್‌ಜಿ, ಕಿರಣ್ ಮಜುಂದಾರ್ ಶಾ, ರೋಹಿಣಿ ಮತ್ತು ನಂದನ್ ನಿಲೇಕಣಿ, ನಿಖಿಲ್ ಕಾಮತ್ ಸಹಿ ಹಾಕಿದ್ದಾರೆ. ಐದೂ ಹೆಸರು ಬೆಂಗಳೂರಿನವು ಎಂಬುದು ಹೆಮ್ಮೆಯ ವಿಷಯ.

ಹಳೇ ಕಾಲದ ದಾನಿಗಳು ಹೇಗಿದ್ದರು?

ಬೆಂಗಳೂರು ರೈಲ್ವೆ ಸ್ಟೇಷನ್ ಎದುರಿನ ತೋಟದಪ್ಪ ಛತ್ರ ಗೊತ್ತಲ್ವಾ. ವ್ಯಾಪಾರದಲ್ಲಿ ದುಡಿದ ಗುಬ್ಬಿ ತೋಟದಪ್ಪನವರು ಊರಿಂದ ಬಂದ ಜನಕ್ಕೆ ತಂಗಲು ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲನ್ನೂ ನಡೆಸಿದರು. ಅಲ್ಲಿ ಇದ್ದು ಓದಿದವರು ನಾಡಿನ ತುಂಬ ಇದ್ದಾರೆ. ಬೆಳಗಾವಿ ಕಡೆ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಆ ನಿಧಿಯಿಂದ ಓದಿದವರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಅವರ ಹೆಸರು ಹೇಳುತ್ತಾರೆ.

ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು "ಟಾಟಾ ಇನ್‌ಸ್ಟಿಟ್ಯೂಟ್" ಎಂದೇ ಕರೆಯುತ್ತಾರೆ. ಜಮ್‌ಶೆಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡರು, ಸಂಸ್ಥೆ ಶುರುವಾಗಿದ್ದು 1909ರಲ್ಲಿ. ಅವರು ದುಡ್ಡು ಕೊಟ್ಟರು, ಮೈಸೂರು ಸಂಸ್ಥಾನ 370 ಎಕರೆಗೂ ಹೆಚ್ಚು ಜಾಗ ಕೊಟ್ಟಿತು. ಆ ಜಾಗ ನಾಡಿನ ಜನರದು. ಬಸ್ಸಿನಲ್ಲಿ "ಟಾಟಾ ಇನ್‌ಸ್ಟಿಟ್ಯೂಟ್" ಎಂದು ಕೂಗಿದಾಗೆಲ್ಲ ನನಗೆ ಆ ಎರಡನೇ ಪಾಲೂ ನೆನಪಾಗುತ್ತದೆ.

ದುಡ್ಡು ಬಂದ ದಾರಿ ಸರಿ ಇಲ್ಲದಿದ್ದರೂ ದಾನ ಒಪ್ಪಬೇಕಾ?

ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಪ್ರಪಂಚದ ತುಂಬ 2,500ಕ್ಕೂ ಹೆಚ್ಚು ಲೈಬ್ರರಿ ಕಟ್ಟಿಸಿದವರು. 1892ರಲ್ಲಿ ಅವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ಕಾರ್ಮಿಕರು ನಿಂತಾಗ ಕಂಪನಿ ಬಂದೂಕು ಹಿಡಿದ ಖಾಸಗಿ ಕಾವಲುಗಾರರನ್ನು ಕರೆಸಿತು. ಎರಡೂ ಕಡೆ ಹೆಣ ಬಿದ್ದವು, ಕಾರ್ಮಿಕರ ಸಂಘ ಮುರಿಯಿತು. 1898ರಲ್ಲಿ ಅಲ್ಲೇ ಪಕ್ಕದಲ್ಲಿ ಕಾರ್ನೆಗಿ ಲೈಬ್ರರಿ ತೆರೆಯಿತು. ಆ ಲೈಬ್ರರಿಯಲ್ಲಿ ಓದಿ ಮುಂದೆ ಬಂದ ಮಕ್ಕಳಿದ್ದಾರೆ. ಕಾಲಿಡಲು ಮನಸ್ಸಾಗದ ಅಪ್ಪಂದಿರೂ ಇದ್ದಿರಬೇಕು.

ನನ್ನ ಮಟ್ಟಿಗೆ, ಒಳ್ಳೆಯ ಕೆಲಸವನ್ನು ನಿಲ್ಲಿಸಬೇಡಿ, ಆದರೆ ಹಳೆಯ ಲೆಕ್ಕವನ್ನು ಅಳಿಸಲೂ ಬೇಡಿ. ಕೂಲಿ ಸರಿಯಾಗಿ ಕೊಡುವುದು ದಾನಕ್ಕಿಂತ ಮೊದಲ ಕೆಲಸ.

ಹೆಸರು ಹಾಕಿಸಿಕೊಳ್ಳದೆ ಕೊಟ್ಟವರು ಇದ್ದಾರಾ?

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ನಮ್ಮ ಮಾತಿಗೆ ತಕ್ಕವರು ಅಮೆರಿಕದ ಚಕ್ ಫೀನಿ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಗಳಿಂದ ದುಡಿದ ಸುಮಾರು 8 ಬಿಲಿಯನ್ ಡಾಲರನ್ನು ಬದುಕಿದ್ದಾಗಲೇ ಕೊಟ್ಟು ಮುಗಿಸಿದರು. ತುಂಬ ವರ್ಷ ಯಾರಿಗೂ ಗೊತ್ತೇ ಇರಲಿಲ್ಲ. 2020ರಲ್ಲಿ ತಮ್ಮ ಪ್ರತಿಷ್ಠಾನವನ್ನೇ ಮುಚ್ಚಿದರು. ಕೊನೆಗಾಲದಲ್ಲಿ ಬಾಡಿಗೆ ಮನೆ, ಕೈಯಲ್ಲಿ ಅಗ್ಗದ ಕ್ಯಾಸಿಯೋ ವಾಚು. 2023ರಲ್ಲಿ ತೀರಿಕೊಂಡರು. ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಅವರ ಮಾಜಿ ಪತ್ನಿ ಮೆಕೆಂಜಿ ಸ್ಕಾಟ್ ಅವರ ರೀತಿಯೂ ನನಗೆ ಇಷ್ಟ. ದುಡ್ಡು ಕೊಟ್ಟು, ಹೇಗೆ ಬಳಸಬೇಕು ಎಂಬುದನ್ನು ಸಂಸ್ಥೆಗಳಿಗೇ ಬಿಡುತ್ತಾರೆ.

ಇಷ್ಟು ಕೊಡುವವರು ನೀತಿಯನ್ನೂ ನಿರ್ಧರಿಸುತ್ತಾರಾ?

ಅದು ನಿಜವಾದ ಆತಂಕ. ವಿಶ್ವ ಆರೋಗ್ಯ ಸಂಸ್ಥೆಗೆ ಅತಿ ಹೆಚ್ಚು ದುಡ್ಡು ಕೊಡುವವರಲ್ಲಿ ಗೇಟ್ಸ್ ಫೌಂಡೇಶನ್ ಒಂದು. ಪೋಲಿಯೊ, ಮಲೇರಿಯಾ ವಿರುದ್ಧದ ಕೆಲಸದಲ್ಲಿ ಅದರ ಪಾಲು ದೊಡ್ಡದು. ಆದರೆ ಯಾವ ರೋಗ ಮೊದಲು ಎಂಬ ಮಾತಿನಲ್ಲಿ ಒಂದು ಕುಟುಂಬಕ್ಕೆ ಅಷ್ಟು ದನಿ ಇರಬೇಕಾ? ಮಂತ್ರಿ ತಪ್ಪು ಮಾಡಿದರೆ ಐದು ವರ್ಷಕ್ಕೆ ಇಳಿಸಬಹುದು. ದಾನಿಯನ್ನು ಇಳಿಸಲು ಆಗುವುದಿಲ್ಲ. ಉಳಿದ ಆಸ್ತಿಯನ್ನು ಬಹುಪಾಲು ಕೊಟ್ಟು 2045ರ ಡಿಸೆಂಬರ್ 31ಕ್ಕೆ ಫೌಂಡೇಶನ್ ಮುಚ್ಚುತ್ತೇವೆ ಎಂದು ಗೇಟ್ಸ್ 2025ರ ಮೇನಲ್ಲಿ ಹೇಳಿದ್ದಾರೆ. ಕೊನೆಯ ದಿನ ಗೊತ್ತುಮಾಡಿದ್ದು ಒಳ್ಳೆಯ ನಡೆ.

ನಮ್ಮೂರ ಶಾಲೆಗೆ ದಾನಿ ಬಂದರೆ ಏನು ಕೇಳಬೇಕು?

ಮೊದಲು ಚಹಾ ಕೊಡಿ, ಕೃತಜ್ಞತೆ ಹೇಳಿ. ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೂರಿಸಿಕೊಂಡು ಕೇಳಿ. ನೆರವು ಎಷ್ಟು ವರ್ಷ? ಕೆಟ್ಟರೆ ರಿಪೇರಿ ಯಾರದು? ನಮಗೆ ಬೇಕಾದದ್ದು ಕೊಡುತ್ತೀರಾ, ನಿಮ್ಮ ಪಟ್ಟಿಯಲ್ಲಿ ಇರುವುದು ಕೊಡುತ್ತೀರಾ?

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಓದಿದ ಶಾಲೆಗೆ ಒಂದು ಕಂಪನಿ ನೀರು ಶುದ್ಧ ಮಾಡುವ ಮಷಿನ್ ಕೊಟ್ಟಿತು. ಹಾರ, ಫೋಟೊ, ಭಾಷಣ ಎಲ್ಲ ಆಯಿತು. ಎರಡನೇ ವರ್ಷ ಫಿಲ್ಟರ್ ಕಟ್ಟಿಕೊಂಡಿತು. ಬದಲಿಸಲು ಶಾಲೆಯಲ್ಲಿ ದುಡ್ಡಿಲ್ಲ, ಕಂಪನಿಗೆ ಫೋನ್ ಮಾಡಿದರೆ ಆ ಯೋಜನೆ ಮುಗಿದಿದೆ ಎಂಬ ಉತ್ತರ. ಈಗ ಮಷಿನ್ ಮೇಲೆ ಚಾಕ್‌ಪೀಸ್ ಡಬ್ಬಿ ಇಟ್ಟಿದ್ದಾರೆ. ನಿಜಕ್ಕೂ ಆ ಶಾಲೆಯ ಹುಡುಗಿಯರಿಗೆ ಬೇಕಾಗಿದ್ದು ಬಾಗಿಲಿಗೆ ಚಿಲಕ ಇರುವ ಶೌಚಾಲಯ. ಹೆಡ್‌ಮಿಸ್ ಅದನ್ನು ಅವತ್ತೇ ಹೇಳಬೇಕೆಂದಿದ್ದರಂತೆ. ದೊಡ್ಡವರು ಬಂದಿದ್ದಾರೆ, ಕೊಟ್ಟಿದ್ದನ್ನು ತಗೊಂಡು ಸುಮ್ಮನಿರೋಣ ಎಂದು ಊರಿನ ಹಿರಿಯರು ತಡೆದರು. ಈ ವರ್ಷ ಹೊಸ ಎಸ್‌ಡಿಎಂಸಿಯಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಪಂಚಾಯಿತಿಗೆ ಕೊಡುವ ಅರ್ಜಿಯಲ್ಲಿ ಮೊದಲ ಸಾಲಿಗೆ ಚಿಲಕ ಬರೆಸಿದ್ದಾರೆ.